ದರಿಯಾ ದೌಲತ್ತಿನ ಒಡೆಯರು

ಅರಮನೆಯು ಕೈಬದಲಾದರೆ ಅದರ ಗೋಡೆಯ ಮೇಲಣ ಚಿತ್ರಗಳ ಗತಿಯೇನು? ಶ್ರೀರಂಗಪಟ್ಟಣದ ದರಿಯಾ ದೌಲತ್ ಇದಕ್ಕೆ ವಿಚಿತ್ರವಾದ ಉತ್ತರವನ್ನು ಕೊಡುತ್ತದೆ.

ಕಾವೇರಿಯ ಬಳಿಯ ತೋಟದಲ್ಲಿ ಟೀಪೂ ಸುಲ್ತಾನನು 1784ರಲ್ಲಿ ಈ ಬೇಸಗೆಯ ಅರಮನೆಯನ್ನು ಕಟ್ಟಿಸಿದನು. ಬಹುಮಟ್ಟಿಗೆ ಮರದ ಕಟ್ಟಡ. ಪಶ್ಚಿಮದ ಗೋಡೆಯ ಮೇಲೆ, ತನ್ನ ತಂದೆಯೂ ತಾನೂ 1780ರಲ್ಲಿ ಗೆದ್ದ ಪೊಳ್ಳಿಲೂರಿನ ಕಾಳಗವನ್ನು ಬರೆಯಿಸಿದನು. ಅಲ್ಲಿ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಕಂಪೆನಿಯ ಸೇನೆ ಅವನ ಸುತ್ತಲೂ ಮುರಿದುಬೀಳುತ್ತಿದೆ.

1799ರಲ್ಲಿ ಪಟ್ಟಣವು ಬಿದ್ದಿತು, ಟೀಪುವು ಮಡಿದನು. ಅನಂತರ ಇಲ್ಲಿ ವಾಸಮಾಡಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ಚಿತ್ರಗಳು ಕೆಟ್ಟಿರಲು, 1855ರಲ್ಲಿ ಅವುಗಳನ್ನು ಮತ್ತೆ ಬರೆಯಿಸಿದವನಾದರೂ ಯಾರು? ಸಂಸ್ಥಾನಗಳನ್ನು ಕಂಪೆನಿಗೆ ಸೇರಿಸಿಕೊಳ್ಳುವುದರಲ್ಲಿ ಹೆಸರಾದ ಗವರ್ನರ್ ಜನರಲ್ ಡಾಲ್‌ಹೌಸಿ! ಕಂಪೆನಿಯ ಸೋಲಿನ ಚಿತ್ರವು ಕಂಪೆನಿಯ ಆಜ್ಞೆಯಿಂದಲೇ ಉಳಿಯಿತು.

ಈಗ ಕಟ್ಟಡವು ಭಾರತದ ಪುರಾತತ್ತ್ವ ಇಲಾಖೆಯ ವಶದಲ್ಲಿದೆ, ಒಳಗೆ ವಸ್ತುಸಂಗ್ರಹಾಲಯವುಂಟು. ಎಂದರೆ, ಈಗಿನ ಒಡೆಯರು ನಾವೇ. ಕಟ್ಟಿಸಿದವನು ಅದನ್ನು ಅನುಭವಿಸಿದ್ದು 15 ವರ್ಷ ಮಾತ್ರ. ಉಳಿದ ಕಾಲವೆಲ್ಲ ಅದನ್ನು ಕಾದವರು ಪರರು. ಗೆದ್ದವರು ತಮಗೆ ಹಿತವಲ್ಲದ ಚಿತ್ರವನ್ನೂ ಉಳಿಸಿದರು. ನಮಗೆ ಹಿತವಲ್ಲದ ಕಾಲದ ಗುರುತುಗಳನ್ನು ನಾವು ಉಳಿಸುವೆವೆ? ಒಡೆತನದ ಯೋಗ್ಯತೆಯು ಈ ಪ್ರಶ್ನೆಯಲ್ಲಿಯೇ ಅಡಗಿದೆ.