ಕ್ಯಾಸನೂರಿನ ಕಾಡಂಚಿನಲ್ಲಿ



ವೈದ್ಯರಾದ ನಾವು ರೋಗವನ್ನು ರೋಗಿಯ ದೇಹದಲ್ಲಿಯೇ ಹುಡುಕಲು ಕಲಿತವರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಮಲಗಿದಾಗ ಆ ವಿದ್ಯೆ ಸಾಲದಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರು ಮೊದಲು ಹಳದಿ ಜ್ವರವನ್ನು ಶಂಕಿಸಿದರು. ದೊರೆತದ್ದು ಉಣುಗುಗಳಿಂದ ಹರಡುವ ಹೊಸ ವೈರಸ್. ರಷ್ಯಾದ ಉಣುಗುಜ್ವರದ ದಾಯಾದಿ. ಸೈಬೀರಿಯದ ವಲಸೆ ಹಕ್ಕಿಗಳ ಮೇಲೂ ಅನುಮಾನ ಮೂಡಿತು!

ಆದರೆ ರೋಗ ಇಲ್ಲಿಯೇ ಏಕೆ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿರಲಿಲ್ಲ. ದಟ್ಟ ಕಾಡು, ಕಡಿದು ಗದ್ದೆ ಮಾಡಿದ ನೆಲ, ನಡುವೆ ಲಂಟಾನ ಹಬ್ಬಿದ ಕಾಡಂಚು, ದನ ಮೇಯುವ ಜಾಗ, ಇವೆಲ್ಲವನ್ನೂ ನಡೆದು ನೋಡಬೇಕಾಯಿತು. ಕೊಲಂಬಿಯ ದೇಶದ ಹೋರ್ಹೆ ಬೊಶೆಲ್ 1969ರ ತಮ್ಮ ಲೇಖನದಲ್ಲಿ ಈ ಎಳೆಗಳನ್ನು ಹೆಣೆದರು. ಮರಿ ಉಣುಗು ಇಲಿ, ಹಕ್ಕಿಗಳ ರಕ್ತ ಹೀರುತ್ತದೆ. ನಡುಹಂತದ್ದು ಮಂಗನನ್ನೂ ಮನುಷ್ಯನನ್ನೂ ಕಚ್ಚುತ್ತದೆ. ಬಲಿತದ್ದಕ್ಕೆ ದೊಡ್ಡ ಪ್ರಾಣಿ ಬೇಕು. ಮೇಯಲು ಕಾಡು ಹೊಕ್ಕ ದನಗಳೇ ಆ ಆಹಾರವಾಗಿ ಉಣುಗಿನ ಸಂತತಿಯನ್ನು ಬೆಳೆಸಿದವು. ಹಟ್ಟಿಯಲ್ಲಿ ದನದ ಕಿವಿಯಿಂದ ಉಣುಗು ಕೀಳುತ್ತಿದ್ದುದನ್ನು ತಮ್ಮಲ್ಲಿ ಹಲವರು ಕಂಡಿರಬಹುದು.

ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರುತೋಟಕ್ಕಾಗಿ ಮೀಸಲು ಕಾಡು ಕಡಿದ ಬೆನ್ನಿಗೇ, 1982-83ರಲ್ಲಿ ಇದೇ ಕಥೆ ಮರುಕಳಿಸಿತು. ಬಹಳ ಜನ ಪ್ರಾಣ ತೆತ್ತರು. 2012ರ ಕೊನೆಗೆ ಬಂಡೀಪುರದಲ್ಲಿ, ಮುಂದೆ ವಯನಾಡು, ಗೋವಾಗಳಲ್ಲಿಯೂ ಮಂಗನ ಕಾಯಿಲೆ ಕಾಣಿಸಿತು. ನಡುಹಂತದ ಉಣುಗು ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಲೆನಾಡಿನವರು ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವುದೂ ಆ ದಿನಗಳಲ್ಲಿಯೇ.