ತಿಕ್ಕಾವ್ರು ಯಾರು? ನಮ್ಮ ನಾಲ್ಕು ತಾಲೂಕಿನ ಒಲೆಗಳ ಕಥೆ

ನಮ್ಮ ಮನೆಯಲ್ಲಿ ಎರಡು ಒಲೆಗಳಿವೆ. ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಎರಡು ಬರ್ನರಿನ ಗ್ಯಾಸ್ ಒಲೆ. ಹಿತ್ತಲಲ್ಲಿ ತಗಡಿನ ನೆರಳಿಗೆ ಮಣ್ಣಿನ ಒಲೆ. ಚಹಾ, ಅನ್ನ, ಪಲ್ಯ ಗ್ಯಾಸಿನ ಮೇಲೆ. ಜೋಳದ ರೊಟ್ಟಿ, ಸ್ನಾನದ ನೀರು ಮಣ್ಣಿನ ಒಲೆಯ ಮೇಲೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಎಷ್ಟೋ ಮನೆಗಳಲ್ಲಿ ನೀವು ನೋಡುವುದೂ ಇದನ್ನೇ.

ಗ್ಯಾಸ್ ಬಂದು ಇಷ್ಟು ವರ್ಷವಾದರೂ ರೊಟ್ಟಿಗೆ ಯಾಕೆ ಹೊರಗೆ ಹೋಗಬೇಕು ಅಂತ ಅವ್ವನನ್ನು ಕೇಳಿದೆ. ಸಿಲಿಂಡರಿನ ರೇಟು ಹೇಳುತ್ತಾಳೆ ಅಂದುಕೊಂಡಿದ್ದೆ. ಅದನ್ನು ಆಮೇಲೆ ಹೇಳಿದಳು. ಮೊದಲು ಹೇಳಿದ್ದು ಬೇರೆ: "ಗ್ಯಾಸಿನ ಮ್ಯಾಲ ದಿನಾ ಇಪ್ಪತ್ತು ರೊಟ್ಟಿ ಸುಟ್ರ ಹಿಟ್ಟೆಲ್ಲಾ ಬರ್ನರ್‌ನ್ಯಾಗ ಇಳಿತೈತಿ. ಅದನ್ನ ತಿಕ್ಕಾವ್ರು ಯಾರು?"

ಒಲೆಯ ಚರಿತ್ರೆ ಬರೆಯುವವರು ಉರುವಲಿನ ಬಗ್ಗೆ ಬರೆಯುತ್ತಾರೆ, ಹೊಗೆಯ ಬಗ್ಗೆ ಬರೆಯುತ್ತಾರೆ, ಸರಕಾರದ ಯೋಜನೆಗಳ ಬಗ್ಗೆ ಬರೆಯುತ್ತಾರೆ. ಅವ್ವನ ಪ್ರಶ್ನೆ ಹಿಡಿದು ಹೊರಟರೆ ಅದೇ ಚರಿತ್ರೆ ಬೇರೆ ಥರ ಕಾಣುತ್ತದೆ.

ಹಳ್ಳೂರಿನ ಬೂದಿ

ಹಿರೇಕೆರೂರು ಸೀಮೆಯಲ್ಲಿ ತುಂಗಭದ್ರೆಯ ದಂಡೆಗೆ ಹಳ್ಳೂರು ಇದೆ. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅವರು ಅಲ್ಲಿ ಅಗೆತ ನಡೆಸಿದರು. ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಜನವಸತಿಯ ಗುರುತುಗಳು ಸಿಕ್ಕವು. ಕಲ್ಲಿನ ಚೂರು ಹಾಕಿ ಬಡಿದು ಗಟ್ಟಿ ಮಾಡಿದ ನೆಲದ ದುಂಡನೆಯ ಮನೆಗಳು. ಒಂದು ಮನೆಯಲ್ಲಿ ದುಂಡನೆಯ ಒಲೆಯ ಜಾಗ, ಅದರಲ್ಲಿ ಬೂದಿ ಮತ್ತು ಇದ್ದಿಲು. ನಮ್ಮ ಜಿಲ್ಲೆಯಲ್ಲಿ ನಮಗೆ ಗೊತ್ತಿರುವ ಬಹಳ ಹಳೆಯ ಅಡುಗೆಮನೆಗಳಲ್ಲಿ ಅದೂ ಒಂದು.

ಅಲ್ಲಿಂದ ಸಾವಿರ ವರ್ಷದ ಹಿಂದಿನ ಕಾಲಕ್ಕೆ ಬನ್ನಿ. ಹಾನಗಲ್ಲು ಆಗ ಪಾನುಂಗಲ್ಲು. ಕಲ್ಯಾಣದ ಚಾಲುಕ್ಯರ ಆಳ್ವಿಕೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಅದರಲ್ಲಿ ಅಡುಗೆಗೇ ಒಂದು ಭಾಗವಿದೆ. ನೂರು ವರ್ಷದ ನಂತರ ದೊರೆ ಮೂರನೆಯ ಸೋಮೇಶ್ವರನೇ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಊಟದ ಬಗೆಗಳನ್ನು ಬರೆದ. ಅಡುಗೆಯ ಪುಸ್ತಕ ಬರೆದವರ ಹೆಸರು ಹೀಗೆ ಉಳಿಯಿತು. ನಸುಕಿನಲ್ಲಿ ಎದ್ದು ಒಲೆಯ ಬೂದಿ ತೆಗೆದವರಿಗೆ ಶಾಸನ ಹಾಕಿಸುವ ರೂಢಿ ಇರಲಿಲ್ಲ. ಅವರ ಕೆಲಸ ಮಾತ್ರ ಕೈಯಿಂದ ಕೈಗೆ, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂತು.

ಸಾರಿಸುವುದು ಬರೀ ಮಡಿಯಲ್ಲ

ನಮ್ಮ ಅಜ್ಜಿಯ ದಿನ ಶುರುವಾಗುತ್ತಿದ್ದದ್ದು ಒಲೆಯಿಂದ. ರಾತ್ರಿಯ ಬೂದಿಯನ್ನು ಮರದಲ್ಲಿ ತುಂಬಿಕೊಂಡು ತಿಪ್ಪೆಗೆ ಹಾಕುವುದು. ಒಲೆಗುಂಡುಗಳ ಮೇಲೆ ಅಂಟಿದ ಅನ್ನ, ಗಂಜಿ ಕೆರೆಯುವುದು. ಹೆಂಡಿ ಮತ್ತು ಕೆಮ್ಮಣ್ಣು ಕಲಸಿದ ನೀರಲ್ಲಿ ಅರಿವೆ ಅದ್ದಿ ಒಲೆಯ ಬಾಯಿ, ಬೆನ್ನು, ಕೋಡೊಲೆ ಎಲ್ಲ ಸಾರಿಸುವುದು. ಮೇಲೆ ಒಂದೆಳೆ ರಂಗೋಲಿ, ಚಿಟಿಕೆ ಕುಂಕುಮ. ಅದು ಮುಗಿಯುವ ತನಕ ಯಾರಿಗೂ ಚಹಾ ಇಲ್ಲ. "ಒಲಿ ಸಾರಸದ ಬೆಂಕಿ ಹಚ್ಚಬಾರದು" ಅನ್ನುತ್ತಿದ್ದಳು.

ನಾವು ಅದನ್ನು ಮಡಿ, ಶಾಸ್ತ್ರ ಅಂದುಕೊಂಡಿದ್ದೆವು. ಅದು ರಿಪೇರಿ ಕೆಲಸವೂ ಆಗಿತ್ತು. ಮಣ್ಣಿನ ಒಲೆ ದಿನವೂ ಕಾಯುತ್ತದೆ, ಆರುತ್ತದೆ, ಸಣ್ಣಗೆ ಬಿರುಕು ಬಿಡುತ್ತದೆ. ಹೆಂಡಿಯಲ್ಲಿರುವ ಹುಲ್ಲಿನ ನಾರು ಮಣ್ಣನ್ನು ಹಿಡಿದುಕೊಂಡು ಆ ಬಿರುಕುಗಳನ್ನು ಮುಚ್ಚುತ್ತದೆ. ಉಕ್ಕಿದ ಸಾರು, ಸಿಡಿದ ಎಣ್ಣೆ ಒಲೆಯ ಮೈಗೆ ಹತ್ತುವುದಿಲ್ಲ, ಮೇಲಿನ ಪದರಕ್ಕೆ ಹತ್ತುತ್ತದೆ. ಆ ಪದರವನ್ನು ಮರುದಿನ ಕೆರೆದು ಹೊಸದು ಬಳಿದರೆ ಮುಗಿಯಿತು. ಅಂದರೆ ಒಲೆಗೆ ದಿನಾ ಒಂದು ಹೊಸ ಅಂಗಿ ತೊಡಿಸಿದ ಹಾಗೆ.

ಪಾತ್ರೆಗೂ ಇದೇ ಉಪಾಯ. ಬೆಂಕಿಯ ಮೇಲೆ ಇಡುವ ಮೊದಲು ತಳಕ್ಕೆ ಬೂದಿಯನ್ನೋ ಮಣ್ಣನ್ನೋ ನೀರಲ್ಲಿ ಕಲಸಿ ಬಳಿಯುತ್ತಿದ್ದರು. ಮಸಿ ಆ ಲೇಪಕ್ಕೆ ಅಂಟುತ್ತಿತ್ತು, ತೊಳೆದಾಗ ಲೇಪದ ಜತೆಗೇ ಬಿಟ್ಟು ಬರುತ್ತಿತ್ತು. ಜಿಡ್ಡು ತೆಗೆಯಲು ಸೋಪು ಬೇಕಿರಲಿಲ್ಲ. ಕಟ್ಟಿಗೆಯ ಬೂದಿಯಲ್ಲಿ ಕ್ಷಾರ ಇರುತ್ತದೆ, ಅದು ಎಣ್ಣೆಯ ಜತೆ ಸೇರಿದರೆ ಸೋಪಿನಂತೆಯೇ ಕೆಲಸ ಮಾಡುತ್ತದೆ.

ಈ ಒಲೆಗಳನ್ನು ಕಟ್ಟುತ್ತಿದ್ದವರೂ ಬಹುಮಟ್ಟಿಗೆ ಮನೆಯ ಹೆಂಗಸರೇ. ಎತ್ತಿಡುವ ಒಲೆ ಬೇಕಾದರೆ ಕುಂಬಾರರ ಮನೆಗೆ ಹೋಗುತ್ತಿದ್ದರು. ಸರ್ವಜ್ಞನ ಹುಟ್ಟಿನ ಜತೆ ಕುಂಬಾರರ ಮನೆಯ ಕಥೆ ಬೆಸೆದುಕೊಂಡಿರುವ ಅಬಲೂರು ಇರುವುದೂ ಹಿರೇಕೆರೂರು ತಾಲೂಕಿನಲ್ಲೇ. ಕಟ್ಟಿದವರೇ ಸಾರಿಸುತ್ತಿದ್ದರಿಂದ ಒಲೆ ಎಲ್ಲಿ ಕೆಟ್ಟಿದೆ, ಯಾಕೆ ಹೊಗೆ ಹಿಮ್ಮುಖ ಬರುತ್ತಿದೆ ಅನ್ನುವುದು ಅವರಿಗೆ ಬೆರಳ ತುದಿಯಲ್ಲೇ ಗೊತ್ತಾಗುತ್ತಿತ್ತು.

ಇದನ್ನು ಹೇಳುವಾಗ ಹಳೆಯದೆಲ್ಲ ಚಂದ ಅನ್ನುವುದು ಬೇಡ. ಆ ಒಲೆಯ ಹೊಗೆ ಅಜ್ಜಿಯ ಕಣ್ಣು ಕೆಂಪಗೆ ಮಾಡಿತ್ತು, ಎದೆಯಲ್ಲಿ ಕೆಮ್ಮು ಕೂರಿಸಿತ್ತು. ಜಂತಿಯಿಂದ ಇಲ್ಲಣ ಜೋತು ಬೀಳುತ್ತಿತ್ತು. ಹಬ್ಬದ ದಿನವೂ ಸಾರಿಸುವ ಕೆಲಸಕ್ಕೆ ರಜೆ ಇರಲಿಲ್ಲ. ಪಂಚಮಿಗೆ ಒಲೆಯ ಮೇಲೆ ಹಂಚು ಇಡಬಾರದು ಅನ್ನುವ ಪದ್ಧತಿ ಕೆಲವು ಮನೆಗಳಲ್ಲಿದೆ. ಆ ದಿನ ಹಂಚಿಗೆ ರಜೆ ಸಿಕ್ಕಿತು, ಕೈಗೆ ಸಿಗಲಿಲ್ಲ.

ನಾಲ್ಕು ತಾಲೂಕು, ನಾಲ್ಕು ಥರದ ಹೊಲಸು

ಒಲೆ ಹೇಗೆ ಹೊಲಸಾಗುತ್ತದೆ ಅನ್ನುವುದು ಹೊಲದಲ್ಲಿ ಏನು ಬೆಳೆಯುತ್ತಾರೆ ಅನ್ನುವುದರ ಮೇಲಿದೆ. ಹಾನಗಲ್ಲ ಅರೆಮಲೆನಾಡು, ಕೆರೆ ಮತ್ತು ಭತ್ತದ ನಾಡು. ಅಲ್ಲಿ ಗಂಜಿ ಉಕ್ಕುತ್ತದೆ. ಅಕ್ಕಿಯ ತಿಳಿ ಒಲೆಯ ಮೇಲೆ ಒಣಗಿದರೆ ಅಂಟಿನ ಹಾಗೆ ಕೂರುತ್ತದೆ. ಶಿಗ್ಗಾಂವಿ ಕಡೆ ಜೋಳದ ರೊಟ್ಟಿ, ಅಲ್ಲಿ ಹಿಟ್ಟು ಉದುರುತ್ತದೆ. ಸವಣೂರು ವೀಳ್ಯದೆಲೆಗೆ ಎಷ್ಟು ಹೆಸರೋ ಖಾರಕ್ಕೂ ಅಷ್ಟೇ ಹೆಸರು. ಕರಿಯುವ ಕಡೆ ಎಣ್ಣೆ ಸಿಡಿದು ಗೋಡೆಯ ತನಕ ಜಿಡ್ಡು ಹತ್ತುತ್ತದೆ. ಹಿರೇಕೆರೂರಲ್ಲಿ ಗೋವಿನಜೋಳ, ಹತ್ತಿ ಹೆಚ್ಚು. ಕಾಳು ಬಿಡಿಸಿದ ದಿಂಡು, ಹತ್ತಿಕಟ್ಟಿಗೆ ಅಲ್ಲಿ ಪುಕ್ಕಟೆ ಉರುವಲು. ಅವು ಭರ್ರನೆ ಉರಿದು ಬೇಗ ಆರುತ್ತವೆ, ಬೂದಿ ಬೇಗ ತುಂಬುತ್ತದೆ.

ಮಣ್ಣಿನ ಒಲೆ ಇವೆಲ್ಲವನ್ನೂ ಒಂದೇ ಥರ ತಾಳಿಕೊಂಡಿತ್ತು. ಗಂಜಿ ಹೀರಿಕೊಂಡಿತು, ಹಿಟ್ಟು ಸುಟ್ಟುಹಾಕಿತು, ಎಣ್ಣೆ ಮರುದಿನದ ಪದರದ ಕೆಳಗೆ ಹೋಯಿತು. ಅದರಲ್ಲಿ ಕಟ್ಟಿಕೊಳ್ಳುವಂಥ ಸಣ್ಣ ತೂತು ಯಾವುದೂ ಇರಲಿಲ್ಲ.

ಪಿನ್ನಿನ ಕಾಲ

ಸಣ್ಣ ತೂತು ಬಂದದ್ದು ಸ್ಟೋ ಜತೆಗೆ. 1892ರಲ್ಲಿ ಸ್ವೀಡನ್ ದೇಶದ ಫ್ರಾನ್ಸ್ ಲಿಂಡ್‌ಕ್ವಿಸ್ಟ್ ಗಾಳಿ ಹೊಡೆದು ಉರಿಸುವ ಪ್ರೈಮಸ್ ಸ್ಟೋ ಮಾಡಿದ. ಅದೇ ಮಾದರಿಯ ಹಿತ್ತಾಳೆ ಸ್ಟೋಗಳು ಮುಂದೆ ನಮ್ಮ ಊರುಗಳ ನೌಕರಸ್ಥರ ಮನೆಗೆ, ಚಹಾದ ಅಂಗಡಿಗೆ ಬಂದವು. ರೇಷನ್ ಅಂಗಡಿಯ ನೀಲಿ ಬಣ್ಣದ ಚಿಮಣಿ ಎಣ್ಣೆ ಸುರಿದು, ಪಂಪು ಹೊಡೆದು, ಭುಸುಗುಡಿಸಿ ಹಚ್ಚಬೇಕು. ಹಾಲು ಉಕ್ಕಿ ಮೇಲೆ ಬಿದ್ದರೆ ನಿಪ್ಪಲ್ ಕಟ್ಟಿಕೊಳ್ಳುತ್ತಿತ್ತು. ಅದಕ್ಕೆಂದೇ ತಗಡಿನ ಹಿಡಿಕೆಯ ಸ್ಟೋ ಪಿನ್ನು ಪ್ರತಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತಿತ್ತು.

ಆ ಪಿನ್ನು ಸಣ್ಣ ವಸ್ತು. ಆದರೆ ಒಲೆಯ ಮೇಲೆ ಚೆಲ್ಲಿದ್ದು ಮೊದಲ ಸಲ ಅಪಾಯದ ಮಾತಾದದ್ದು ಆಗಲೇ. ಮಣ್ಣಿನ ಒಲೆಯ ಮೇಲೆ ಚೆಲ್ಲಿದರೆ ಹೊಲಸು ಅಷ್ಟೇ. ಸ್ಟೋ ಮೇಲೆ ಚೆಲ್ಲಿದರೆ ಉರಿ ಕೆಡುತ್ತದೆ, ಎಣ್ಣೆ ಸೋರುತ್ತದೆ, ಬೆಂಕಿ ಎಲ್ಲಿ ಏಳುತ್ತದೋ ಗೊತ್ತಿಲ್ಲ.

ಕೊಳವೆ ಕಟ್ಟಿತು

ಇತ್ತ ಮಣ್ಣಿನ ಒಲೆಯ ಹೊಗೆ ತೆಗೆಯಲು ಪ್ರಯತ್ನಗಳು ನಡೆದಿದ್ದವು. 1953ರಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಕವನ್ನೇ ಬರೆದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನುವ ಕೇಂದ್ರ ಕಟ್ಟಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಒಂದೇ ಬೆಂಕಿಗೆ ಮೂರು ಪಾತ್ರೆ, ಕೆಳಗೆ ಜಾಲರಿ, ಹಿಂದೆ ಹೊಗೆಕೊಳವೆ. ಕಟ್ಟಿಗೆ ಕಡಿಮೆ, ಹೊಗೆ ಹೊರಗೆ. ಕೇಂದ್ರ ಸರಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕಟ್ಟಿದ ಲೆಕ್ಕ ಇತ್ತು.

ಆ ಮೂರು ಕೋಟಿಯಲ್ಲಿ ಬಹಳಷ್ಟು ಬೇಗನೆ ಮೂಲೆಗೆ ಬಿದ್ದವು. ಅಳತೆ ತಪ್ಪಿ ಕಟ್ಟಿದ್ದು ಒಂದು ಕಾರಣ. ನೋಡಿಕೊಳ್ಳುವವರು ಇಲ್ಲದ್ದು ಇನ್ನೊಂದು. ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಪಾತ್ರೆಗಳ ನಡುವಿನ ಹಾದಿಯಲ್ಲಿ ಬೂದಿ ಕೂರುತ್ತದೆ. ಕಾಲಕಾಲಕ್ಕೆ ಬಿಡಿಸದಿದ್ದರೆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ. ಕೊಳವೆ ಬಿಡಿಸಲು ಮಾಳಿಗೆ ಹತ್ತಬೇಕು, ಹತ್ತುವವರು ಯಾರು? ಒಲೆ ಕಟ್ಟಿದ ಮಿಸ್ತ್ರಿ ಮುಂದಿನ ಊರಿಗೆ ಹೋಗಿರುತ್ತಿದ್ದ. ಮನೆಯ ಹೆಂಗಸಿನ ಕೈಗೆ ಆ ಒಲೆಯ ಒಳಹಾದಿ ಗೊತ್ತಿರಲಿಲ್ಲ. ಗೊತ್ತಿದ್ದ ಹಳೆಯ ಒಲೆಯನ್ನೇ ಅವಳು ಮತ್ತೆ ಹೂಡಿಕೊಂಡಳು.

ಗ್ಯಾಸ್ ಬಂತು

1965ರಲ್ಲಿ ಕೋಲ್ಕತ್ತಾದಲ್ಲಿ ಇಂಡೇನ್ ಮೊದಲ ಗ್ಯಾಸ್ ಸಂಪರ್ಕ ಕೊಟ್ಟಿತು. ಹಳ್ಳಿಯ ಬಡವರ ಮನೆಗೆ ಅದು ಬರಲು ಅರ್ಧ ಶತಮಾನವೇ ಬೇಕಾಯಿತು. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು, 2019ರ ಸೆಪ್ಟೆಂಬರಿಗೆ 8 ಕೋಟಿ ಸಂಪರ್ಕ ಮುಟ್ಟಿತು. ನಮ್ಮ ರಾಜ್ಯದಲ್ಲಿ 2017ರಲ್ಲಿ ಅನಿಲ ಭಾಗ್ಯ ಬಂತು. ಒಲೆ ನೆಲದಿಂದ ಕಟ್ಟೆಗೆ ಏರಿತು. ಕೂತು ಮಾಡುವ ಅಡುಗೆ ನಿಂತು ಮಾಡುವ ಅಡುಗೆಯಾಯಿತು. ಅಜ್ಜಿಯ ಕೆಮ್ಮು ಅವ್ವನಿಗೆ ಬರಲಿಲ್ಲ. ಇದು ದೊಡ್ಡ ಮಾತು.

ಒಲೆ ಬದಲಾಯಿತು, ದಿನಾ ಸಾರಿಸುವ ರೂಢಿ ಹೋಯಿತು. ಅದರ ಜಾಗಕ್ಕೆ ಬೇರೆ ರೂಢಿ ಬರಲಿಲ್ಲ. ಫಳಫಳ ಹೊಳೆಯುತ್ತಿದ್ದ ಒಲೆಯನ್ನು ಒರೆಸಿದರೆ ಸಾಕು ಅಂದುಕೊಂಡೆವು. ಬರ್ನರಿನ ಒಳಗೆ ಏನಾಗುತ್ತಿದೆ ಅಂತ ನೋಡಲಿಲ್ಲ.

ಒಂದು ಸಂಜೆ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ನಾನು ಮೊಬೈಲ್ ನೋಡುತ್ತ ಕೂತಿದ್ದೆ. ಉಕ್ಕಿದ ಹಾಲು ಉರಿಯನ್ನು ಕೆಡಿಸಿತು, ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ನಮ್ಮಲ್ಲಿ ಸಿಗುವ ಸಾದಾ ಒಲೆಗಳಲ್ಲಿ ಉರಿ ಕೆಟ್ಟರೆ ಗ್ಯಾಸ್ ತಾನಾಗಿ ನಿಲ್ಲುವ ವ್ಯವಸ್ಥೆ ಇರುವುದಿಲ್ಲ. ಈ ಗ್ಯಾಸ್ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡುತ್ತದೆ. ಹಿತ್ತಲಿಂದ ಬಂದ ಅವ್ವನ ಮೂಗಿಗೆ ಮೊದಲು ವಾಸನೆ ಬಡಿಯಿತು. ಲೈಟ್ ಹಾಕಲು ಹೋದ ನನ್ನ ಕೈ ಹಿಡಿದು ಎಳೆದಳು, ರೆಗ್ಯುಲೇಟರ್ ಬಂದ್ ಮಾಡಿದಳು, ಬಾಗಿಲು ತೆರೆದಳು. ಬೈದದ್ದು ಆಮೇಲೆ.

ಈಗಿನ ಸಾರಣೆ

ಅಜ್ಜಿಯ ಹೆಂಡಿ, ಕೆಮ್ಮಣ್ಣು ಗಾಜಿನ ಒಲೆಗೆ ನಡೆಯುವುದಿಲ್ಲ. ಅವಳ ಲೆಕ್ಕ ಮಾತ್ರ ಈಗಲೂ ನಡೆಯುತ್ತದೆ: ಹೊಲಸು ಒಲೆಗೆ ಹತ್ತುವ ಮೊದಲೇ ತಡೆಯಬೇಕು, ಹತ್ತಿದ್ದನ್ನು ಅದೇ ದಿನ ತೆಗೆಯಬೇಕು.

ಗಂಜಿ, ಹಾಲು, ಬೇಳೆ ಇಡುವಾಗ ಪಾತ್ರೆ ದೊಡ್ಡದಿರಲಿ, ಮುಚ್ಚಳ ಓರೆಯಾಗಿರಲಿ. ಬೇಳೆಗೆ ಒಂದು ಹನಿ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಬರ್ನರಿನ ಕೆಳಗಿನ ತಟ್ಟೆ ಇರುವುದೇ ಚೆಲ್ಲಿದ್ದನ್ನು ಹಿಡಿಯಲು, ಅದನ್ನು ದಿನಾ ತೊಳೆಯಿರಿ. ಹಳೆಯ ಪೇಪರ್, ಪ್ಲಾಸ್ಟಿಕ್ ಹಾಳೆ ಒಲೆಯ ಸುತ್ತ ಹಾಸಬೇಡಿ, ಬೆಂಕಿ ಹತ್ತುತ್ತದೆ. ಅಲ್ಯೂಮಿನಿಯಂ ಹಾಳೆ ಹಾಸುವವರು ಬರ್ನರಿಗೆ ಗಾಳಿ ಹೋಗುವ ಸಂದು ಮುಚ್ಚದಂತೆ ನೋಡಿಕೊಳ್ಳಬೇಕು.

ರೊಟ್ಟಿ ಮಾಡಿದ ಮೇಲೆ ಉದುರಿದ ಹಿಟ್ಟನ್ನು ಮೊದಲು ಒಣ ಅರಿವೆಯಿಂದ ಝಾಡಿಸಿ. ನೀರು ತಾಗಿದರೆ ಅದು ಅಂಟಾಗಿ ತೂತು ಹಿಡಿಯುತ್ತದೆ. ವಾರಕ್ಕೊಮ್ಮೆ ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಆರಿದ ಮೇಲೆ ಬರ್ನರಿನ ತಲೆ ತೆಗೆದು ಹುಣಸೆಹಣ್ಣಿನ ಬಿಸಿನೀರಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಹಾಕಿ. ಒಳಗಿನ ಜೆಟ್ಟಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಗ್ಯಾಸ್ ಹೆಚ್ಚು ಬರುತ್ತದೆ. ಕಾದ ಗಾಜಿನ ಮೇಲೆ ತಣ್ಣೀರ ಅರಿವೆ ಬೇಡ, ಒಡೆಯಬಹುದು.

ಉರಿ ನೀಲಿ ಇದ್ದರೆ ಒಲೆ ಸರಿಯಿದೆ. ಹಳದಿಯಾಗಿ ಪಾತ್ರೆಗೆ ಮಸಿ ಹತ್ತಿದರೆ ಎಲ್ಲೋ ಕಟ್ಟಿದೆ, ಗ್ಯಾಸೂ ದಂಡ ಆಗುತ್ತಿದೆ ಅಂತ ಅರ್ಥ. ತೊಳೆದ ಮೇಲೂ ಹೋಗದಿದ್ದರೆ ಮೆಕ್ಯಾನಿಕ್‌ನನ್ನು ಕರೆಸಿ. ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೂ ಅವ್ವನ ಪ್ರಶ್ನೆ ಹಾಗೇ ಉಳಿಯುತ್ತದೆ. ಒಲೆ ಕೊಡುವ ಯೋಜನೆಗಳು ಬಂದವು. ತಿಕ್ಕುವ ಕೆಲಸವನ್ನು ಯಾವ ಯೋಜನೆಯೂ ಕೆಲಸ ಅಂತ ಲೆಕ್ಕ ಹಿಡಿಯಲಿಲ್ಲ, ಮನೆಯಲ್ಲಿ ನಾವೂ ಹಿಡಿಯಲಿಲ್ಲ. ಹಾಲು ಉಕ್ಕಿಸಿದವನು ನಾನು, ಒಲೆ ಒರೆಸಿದವಳು ಅವ್ವ.

ಕಳೆದ ಎರಡು ತಿಂಗಳಿಂದ ಭಾನುವಾರದ ಬರ್ನರ್ ನನ್ನ ಪಾಲಿಗೆ. ಮೊದಲ ವಾರ ತಿಕ್ಕಿ, ಒಣಗಿಸಿ, ಹಚ್ಚಿ ತೋರಿಸಿದೆ. ಅವ್ವ ಬಗ್ಗಿ ನೋಡಿದಳು. "ಇನ್ನೂ ಎರಡು ತೂತು ಮುಚ್ಯಾವು, ಮತ್ತ ತೆಗಿ" ಅಂದಳು.