ಗೋಡೆಯೊಳಗಿನ ತಂತಿಯಲ್ಲಿ ಇಂಟರ್ನೆಟ್: ಬಳ್ಳಾರಿ ಸೀಮೆಯ ಮನೆಗಳ ಕುರಿತು ಒಂದು ಟಿಪ್ಪಣಿ

ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಹಳೆ ಓಣಿಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು ಇನ್ನೂ ಇವೆ. ಬೇಸಿಗೆಯ ಧಗೆಯನ್ನು ತಡೆಯುವ ಗೋಡೆ ವೈಫೈಯನ್ನೂ ತಡೆಯುತ್ತದೆ. ಪಡಸಾಲೆಯಲ್ಲಿ ರೂಟರ್ ಇಟ್ಟರೆ ಹಿಂದಿನ ಕೋಣೆಯಲ್ಲಿ ಓದುವ ಹುಡುಗಿಗೆ ಸಿಗ್ನಲ್ ಸಿಗುವುದು ಕಷ್ಟ. ಗೋಡೆ ಕೊರೆದು ಕೇಬಲ್ ಎಳೆಯಲು ಆಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಾಡಿಗೆ ಮನೆಯಲ್ಲಿ ಮಾಲೀಕರು ಒಪ್ಪಬೇಕಲ್ಲ! ಆಗ ಉಳಿಯುವುದು ಕರೆಂಟಿನ ತಂತಿಯ ದಾರಿ: ರೂಟರಿನ ಬಳಿ ಒಂದು, ಹಿಂದಿನ ಕೋಣೆಯಲ್ಲಿ ಒಂದು ಪವರ್‌ಲೈನ್ ಅಡಾಪ್ಟರನ್ನು ಸಾಕೆಟ್ಟಿಗೆ ಚುಚ್ಚಿ, ಗೋಡೆಯೊಳಗಿನ ತಂತಿಯಲ್ಲೇ ಇಂಟರ್ನೆಟ್ ಕಳಿಸುವುದು. ಅದು ನಡೆಯುತ್ತದೋ ಇಲ್ಲವೋ ಎಂಬುದನ್ನು ನಮ್ಮ ಸೀಮೆಯಲ್ಲಿ ತೀರ್ಮಾನಿಸುವುದು ಅಡಾಪ್ಟರಿನ ಡಬ್ಬಿಯ ಮೇಲೆ ಅಚ್ಚಾದ ವೇಗವಲ್ಲ, ಮನೆಯ ಇನ್ವರ್ಟರ್ ಲೈನು ಎಂಬುದು ನನ್ನ ವಾದ.

ಕರೆಂಟಿನ ತಂತಿಯಲ್ಲಿ ಮಾತು ಕಳಿಸುವುದು ಹೊಸದೇನಲ್ಲ. ಕೆಪಿಟಿಸಿಎಲ್‌ನ ದೊಡ್ಡ ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಹೈಟೆನ್ಷನ್ ತಂತಿಯ ತುದಿಗೆ ಡ್ರಮ್ಮಿನಂಥ ದಪ್ಪ ಸುರುಳಿ ಕಾಣುತ್ತದೆ. ಅದರ ಹೆಸರು ವೇವ್ ಟ್ರ್ಯಾಪ್. ಸಬ್‌ಸ್ಟೇಷನ್ನುಗಳ ನಡುವೆ ಅದೇ ತಂತಿಯಲ್ಲಿ ಕೆಲವು ನೂರು ಕಿಲೋಹರ್ಟ್ಸ್‌ವರೆಗಿನ ಅಲೆಯಾಗಿ ಬರುವ ಮಾತು ಮತ್ತು ರಕ್ಷಣಾ ಸಂಕೇತಗಳು ಅಂಗಳದ ಯಂತ್ರಗಳ ಕಡೆ ಹರಿದು ಸೋರಿಹೋಗದಂತೆ ಅದು ತಡೆಯುತ್ತದೆ. ಮನೆಯ ಅಡಾಪ್ಟರಿನದೂ ಇದೇ ತತ್ವ, ಅಲೆ ಮಾತ್ರ ಇನ್ನೂ ಚುರುಕು. 2005ರ ಹೋಂಪ್ಲಗ್ ಎವಿ ಮಾನಕ 50 ಹರ್ಟ್ಸ್‌ನ ಕರೆಂಟಿನ ಜೊತೆಗೇ ಸುಮಾರು 2ರಿಂದ 28 ಮೆಗಾಹರ್ಟ್ಸ್‌ನ ಸಂಕೇತವನ್ನು ಸಾಗಿಸುತ್ತದೆ. ಅದು ಹೇಳುವ ಸೆಕೆಂಡಿಗೆ 200 ಮೆಗಾಬಿಟ್ ಬರಿಯ ಕಚ್ಚಾ ಲೆಕ್ಕ. ಬಳಕೆಗೆ ದಕ್ಕುವುದು ಅದರ ಒಂದು ಪಾಲು.

ಇನ್ನು ಇನ್ವರ್ಟರಿನ ವಿಚಾರ. ವಿದೇಶದಲ್ಲಿ ಬರೆದ ಕೈಪಿಡಿಗಳಲ್ಲಿ ಇದರ ಸುಳಿವೂ ಇರುವುದಿಲ್ಲ. ನಮ್ಮ ವೈರ್‌ಮನ್ ಮೇನ್ ಬೋರ್ಡಿನಿಂದ ಒಂದು ಫೇಸ್ ತಂತಿಯನ್ನು ಇನ್ವರ್ಟರಿಗೆ ಕೊಟ್ಟು, ಅದರಿಂದ ಹೊರಟ ಬೇರೆ ಫೇಸ್ ತಂತಿಯನ್ನು ಲೈಟು, ಫ್ಯಾನು, ಟಿವಿಯ ಪಾಯಿಂಟುಗಳಿಗೆ ಎಳೆದಿರುತ್ತಾನೆ. ಫ್ರಿಜ್ಜು, ಗೀಸರಿನ 16 ಆಂಪ್ ಸಾಕೆಟ್ಟುಗಳು ನೇರ ಲೈನಿನಲ್ಲೇ ಉಳಿಯುತ್ತವೆ. ಹೀಗಾಗಿ ಒಂದೇ ಸ್ವಿಚ್ ಬೋರ್ಡಿನ ಅಕ್ಕಪಕ್ಕದ ಎರಡು ಪಿನ್ ಪಾಯಿಂಟುಗಳು ಬೇರೆ ಬೇರೆ ಲೈನಿನವಾಗಿರಬಹುದು. ಒಂದು ಅಡಾಪ್ಟರ್ ಇನ್ವರ್ಟರ್ ಲೈನಿನಲ್ಲಿ, ಇನ್ನೊಂದು ನೇರ ಲೈನಿನಲ್ಲಿ ಇದ್ದರೆ ಸಂಕೇತ ಇನ್ವರ್ಟರಿನ ರಿಲೇ ದಾಟಿ ಬರಬೇಕು. ಒಂದೇ ಪೈಪಿನೊಳಗೆ ಜೊತೆಯಾಗಿ ಹೋದ ತಂತಿಗಳ ನಡುವೆ ಅದು ಅಷ್ಟಿಷ್ಟು ಜಿಗಿಯುತ್ತದೆ, ನಿಜ. ಆದರೆ ಕರೆಂಟು ಹೋದ ಕೂಡಲೇ ನೇರ ಲೈನಿನ ಅಡಾಪ್ಟರ್ ಸತ್ತುಹೋಗುತ್ತದೆ. ಎರಡನ್ನೂ ಇನ್ವರ್ಟರ್ ಲೈನಿಗೇ ಹಾಕುವುದು ಸರಿ. ಪರೀಕ್ಷೆ ಸುಲಭ: ಮೇನ್ ಆಫ್ ಮಾಡಿ, ಯಾವ ಪಾಯಿಂಟಿನಲ್ಲಿ ಮೊಬೈಲ್ ಚಾರ್ಜ್ ಆಗುತ್ತದೋ ನೋಡುವುದು. ಸೈನ್‌ವೇವ್ ಅಲ್ಲದ, ಚೌಕಾಕಾರದ ಅಲೆಯ ಹಳೆ ಇನ್ವರ್ಟರ್ ಆಗಿದ್ದರೆ ಬ್ಯಾಟರಿಯ ಮೇಲೆ ಓಡುವಾಗ ಅದರದೇ ಗದ್ದಲ ಸಂಕೇತವನ್ನು ಕೆಡಿಸಬಹುದು.

ಸಿರುಗುಪ್ಪದಂಥ ಭತ್ತದ ಊರಿನಲ್ಲಿ ತೊಡಕು ಬೇರೆ. ಅಕ್ಕಿ ಗಿರಣಿಗೆ ಹೊಂದಿಕೊಂಡ ಮನೆಗೆ ಮೂರು ಫೇಸಿನ ಸಂಪರ್ಕವಿದ್ದು, ಆಫೀಸು ಒಂದು ಫೇಸಿನಲ್ಲಿ, ವಾಸದ ಕೋಣೆಗಳು ಇನ್ನೊಂದರಲ್ಲಿ ಇದ್ದರೆ ಸಂಕೇತ ಬಡವಾಗುತ್ತದೆ. ಅಂಥ ಕಡೆ ನಾನಂತೂ ಈ ದಾರಿ ಹಿಡಿಯಿರಿ ಎನ್ನಲಾರೆ. ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವವರ ಯಂತ್ರದ ಮೋಟರು, ಅಗ್ಗದ ಎಲ್‌ಇಡಿ ಬಲ್ಬು, ಚಟ್ನಿ ರುಬ್ಬುವ ಮಿಕ್ಸಿ ಎಲ್ಲವೂ ತಂತಿಯೊಳಗೆ ಗದ್ದಲ ಎಬ್ಬಿಸಬಲ್ಲವು. ಆದ್ದರಿಂದ ವೇಗ ಅಳೆಯುವುದಾದರೆ ಇವೆಲ್ಲ ನಡೆಯುವ ಹೊತ್ತಿನಲ್ಲೇ ಅಳೆಯಬೇಕು. ಅಡಾಪ್ಟರನ್ನು ಸ್ಪೈಕ್ ಬಸ್ಟರಿಗೆ ಚುಚ್ಚಬಾರದು. ಅದರೊಳಗಿನ ಫಿಲ್ಟರು ಗದ್ದಲದ ಜೊತೆಗೆ ಸಂಕೇತವನ್ನೂ ನುಂಗುತ್ತದೆ.

ವಠಾರದಲ್ಲಿರುವವರು ಇನ್ನೊಂದು ಮಾತು ಗಮನಿಸಬೇಕು. ಮೀಟರು ಈ ಸಂಕೇತಕ್ಕೆ ಪೂರ್ತಿ ಅಡ್ಡಗೋಡೆಯಲ್ಲ, ಪಕ್ಕದ ಮನೆಯ ತಂತಿಗೂ ಅದು ಸೋರಬಹುದು. ಹೋಂಪ್ಲಗ್ ಎವಿಯಲ್ಲಿ 128 ಬಿಟ್‌ನ ಗೂಢಲಿಪಿ ಇದೆ. ಆದರೆ ಕಾರ್ಖಾನೆಯಿಂದ ಬರುವ ಕೀಲಿ ಎಲ್ಲ ಅಡಾಪ್ಟರುಗಳಿಗೂ ಒಂದೇ ಆಗಿರುವುದುಂಟು; ತಂದ ದಿನವೇ ಎರಡರ ಪೇರ್ ಬಟನ್ನನ್ನೂ ಒತ್ತಿ ಹೊಸ ಕೀಲಿ ಮಾಡಿಕೊಳ್ಳಬೇಕು.